ನೀಲಾಂಬಿಕೆಯ ಸೊಂಟದ ಮೇಲೆ ನಲವತ್ತೆರಡು ಕಿಲೋಮೀಟರ್

ನಾನು ಒಂದು ಸೊಂಟದ ಚೀಲ. ಅಂಗೈಯಗಲದ ಮೈ, ಎರಡು ಖಾನೆ, ಒಂದು ಜಿಪ್ಪು, ಒಂದು ಪಟ್ಟಿ, ಇಷ್ಟೇ ನನ್ನ ಸಂಸಾರ. ಹುಬ್ಬಳ್ಳಿಯ ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿ ದಾದಾಪೀರ ಎಂಬ ದರ್ಜಿಯ ಮಷಿನ್ನಿನ ಕೆಳಗೆ, ಒಂದು ಮಧ್ಯಾಹ್ನ, ಮುಕ್ಕಾಲು ಗಂಟೆಯಲ್ಲಿ ಹುಟ್ಟಿದೆ. ಶಾಲೆಯ ಮಕ್ಕಳ ಪಾಟಿಚೀಲ ಹೊಲಿದು ಉಳಿದ ನೀಲಿ ಕ್ಯಾನ್ವಾಸಿನ ತುಂಡು ನನ್ನ ಮೈಯಾಯಿತು. ದಾದಾಪೀರ ಕೈ ಚುರುಕಿನ ಮನುಷ್ಯ. ಆದರೆ ಆ ದಿನ ಅವನಿಗೆ ಊಟದ ಹೊತ್ತು ಮೀರಿತ್ತು. ನನ್ನ ಅಂಚನ್ನು ಒಳಕ್ಕೆ ಮಡಚಿ ಹೊಲಿಯುವ ಬದಲು ಹಾಗೆಯೇ ಬಿಟ್ಟು, ಮೇಲೊಂದು ಹೊಲಿಗೆ ಹಾಕಿ ಎದ್ದುಬಿಟ್ಟ. ಆ ಒರಟು ಅಂಚು ಯಾರಿಗೂ ಕಾಣಲಿಲ್ಲ, ನನಗೂ ತಿಳಿಯಲಿಲ್ಲ.

ನನ್ನನ್ನು ಹೊಲಿಸಿದವರು ಗುರುಶಾಂತಪ್ಪ. ಗೂಡ್ಸ್ ಗಾಡಿಯ ಗಾರ್ಡಾಗಿ ಮೂವತ್ತೆಂಟು ವರ್ಷ ದುಡಿದು ನಿವೃತ್ತರಾದವರು. ಬಿ.ಪಿ. ಗುಳಿಗೆ, ಕನ್ನಡಕ, ಒಂದು ಸಣ್ಣ ಡೈರಿ ಇಟ್ಟುಕೊಳ್ಳಲು ಅವರಿಗೆ ನಾನು ಬೇಕಾಗಿದ್ದೆ. ತಲೆಗೆ ಬಿಳಿ ಟೊಪ್ಪಿಗೆ ಹಾಕಿ, ದಪ್ಪ ಜುಬ್ಬಾದ ಮೇಲೆ ನನ್ನನ್ನು ಕಟ್ಟಿಕೊಂಡು ದಿನಾ ಬೆಳಿಗ್ಗೆ ಸ್ಟೇಷನ್ನಿಗೆ ಹೋಗುವರು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನಲ್ಲಿ ಕೂತು, ಬಂದ ಗಾಡಿಯನ್ನೂ ಕೈಗಡಿಯಾರವನ್ನೂ ನೋಡಿ, ಡೈರಿಯಲ್ಲಿ ಬರೆಯುವರು: ನಾಲ್ಕು ಮಿನಿಟ್ ಲೇಟು, ಹನ್ನೊಂದು ಮಿನಿಟ್ ಲೇಟು. ಯಾರೂ ಅವರಿಗೆ ಬರೆಯಿರೆಂದು ಹೇಳಿರಲಿಲ್ಲ. ಬರೆಯದೆ ಅವರಿಗೆ ಚಹಾ ಇಳಿಯುತ್ತಿರಲಿಲ್ಲ.

ಅವರ ಸೊಸೆ ನೀಲಾಂಬಿಕಾ. ಮನೆಯಲ್ಲಿ ನೀಲವ್ವ. ಕೇಶ್ವಾಪುರದಲ್ಲಿ ಗಂಡ ಶಿವಪುತ್ರನ ಜೊತೆ ಖಾನಾವಳಿ ನಡೆಸುತ್ತಿದ್ದಳು. ಹೊತ್ತಿಗೆ ಅರವತ್ತು ಜನ ಉಣ್ಣುತ್ತಿದ್ದರು. ಬೆಳಿಗ್ಗೆ ಒಲೆಯ ಮುಂದೆ ನಿಂತರೆ ಮುನ್ನೂರು ರೊಟ್ಟಿ ಬಡಿದೇ ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಚ್ಚುವ ಹೆಂಗಸು. ನಲವತ್ತನೆಯ ವರ್ಷಕ್ಕೆ ಸಕ್ಕರೆ ಕಾಯಿಲೆ ಹತ್ತಿರ ಬಂದಿದೆ ಎಂದರು ಡಾಕ್ಟರು. ನಡೆಯಿರಿ ಎಂದರು. ಉಣಕಲ್ ಕೆರೆಯ ಸುತ್ತ ನಡೆದಳು. ನಡೆದೂ ನಡೆದೂ ಬೇಸರವಾಗಿ, ಒಂದು ದಿನ ಆಚೀಚೆ ಯಾರೂ ಇಲ್ಲದ್ದನ್ನು ನೋಡಿ, ಓಡಿದಳು. ಅಂದಿನಿಂದ ನಿಲ್ಲಲಿಲ್ಲ. ಹತ್ತು ಕಿಲೋಮೀಟರಾಯಿತು, ಇಪ್ಪತ್ತೊಂದಾಯಿತು. ಮೂರನೆಯ ವರ್ಷ ಮುಂಬೈಯ ದೊಡ್ಡ ಮ್ಯಾರಥಾನಿಗೆ ಹೆಸರು ಕೊಟ್ಟೇಬಿಟ್ಟಳು.

ಹೊರಡುವ ದಿನ ಗುರುಶಾಂತಪ್ಪ ಸೊಂಟದಿಂದ ನನ್ನನ್ನು ಬಿಚ್ಚಿ ಅವಳ ಕೈಗಿತ್ತರು.

"ಫೋನು, ನಾಕು ಖರ್ಜೂರ ಇದರಾಗ ಹಾಕ್ಕೋವಾ. ಓಡೂವಾಗ ಕೈ ಖಾಲಿ ಇರ್ತಾವು."

"ನಿಮಗ ಬೇಕಾಗ್ತೈತಲ್ರಿ ಮಾವಾರ."

"ನಾ ಬೆಂಚಿನ ಮ್ಯಾಲೆ ಕುಂಡ್ರಾಂವ. ನೀ ಓಡಾಕಿ. ಒಯ್ಯಿ."

ನನಗೆ ಆದ ಖುಷಿ ಹೇಳತೀರದು. ಬೆಂಚಿನಿಂದ ಎದ್ದು ಒಮ್ಮೆಲೇ ಮುಂಬೈ! ಹೊಸ ವಸ್ತುವನ್ನು ಮೈಗೆ ರೂಢಿ ಮಾಡಿಕೊಳ್ಳದೆ ದೊಡ್ಡ ಓಟಕ್ಕೆ ಒಯ್ಯಬಾರದೆಂಬುದು ಕೊಟ್ಟ ಅವರಿಗೂ ಗೊತ್ತಿರಲಿಲ್ಲ, ಕಟ್ಟಿಕೊಂಡ ಅವಳಿಗೂ ಗೊತ್ತಿರಲಿಲ್ಲ.

ಆ ಮೊದಲ ಮುಂಬೈಯಲ್ಲಿ ನಡೆದದ್ದೆಲ್ಲ ತಪ್ಪೇ. ನೀಲವ್ವ ಒಬ್ಬಳೇ ಹೋಗಿ ಇಳಿದುಕೊಂಡದ್ದು ಕಲ್ಯಾಣದಲ್ಲಿ, ಚಿಕ್ಕಮ್ಮನ ಮಗಳ ಮನೆಯಲ್ಲಿ. ಓಟದ ಹಿಂದಿನ ದಿನ ಎದೆಯ ಮೇಲೆ ಚುಚ್ಚಿಕೊಳ್ಳುವ ನಂಬರು ತರಲು ಹೋದವಳು, ಅಲ್ಲಿ ಹಾಕಿದ್ದ ಬೂಟು ಅಂಗಿಗಳ ಅಂಗಡಿಗಳನ್ನು ನೋಡುತ್ತ ಐದು ತಾಸು ತಿರುಗಿದಳು. ಸಂಜೆ ತಂಗಿ ಬಿಡದೆ ಶ್ರೀಖಂಡ, ಪೂರಿ ಬಡಿಸಿದಳು. ಬೆಳಿಗ್ಗೆ ಹಿಡಿಯಬೇಕಾದ ಲೋಕಲ್ ತಪ್ಪಿತು. ಓಟದ ಜಾಗ ಮುಟ್ಟಿದಾಗ ಜನ ಆಗಲೇ ಹೊರಟಾಗಿತ್ತು. ಗಾಬರಿಗೆ ಓಡಿದಳು ನೋಡಿ! ಡೋಲು, ದೀಪ, ದಾರಿಯುದ್ದಕ್ಕೂ ಚಪ್ಪಾಳೆ. ಕೆರೆಯ ಸುತ್ತ ಎಂಟು ಮಿನಿಟಿಗೊಂದು ಕಿಲೋಮೀಟರ್ ಓಡುವವಳು ಮೊದಲ ಹತ್ತನ್ನು ಅರವತ್ತಮೂರು ಮಿನಿಟಿನಲ್ಲಿ ಮುಗಿಸಿದಳು. ನನಗಂತೂ ರೆಕ್ಕೆ ಬಂದ ಹಾಗಿತ್ತು.

ಹದಿನೈದನೆಯ ಕಿಲೋಮೀಟರಿನಲ್ಲಿ ನನಗೆ ಒದ್ದೆಯಾಯಿತು. ಬೆವರೆಂದುಕೊಂಡೆ. ಅದು ರಕ್ತ. ನನ್ನ ಒರಟು ಅಂಚು ಅವಳ ತೆಳುವಾದ ಟೀ ಶರ್ಟಿನ ಮೇಲೆ ಉಜ್ಜಿ ಉಜ್ಜಿ ಸೊಂಟವನ್ನು ಕುಯ್ದಿತ್ತು. ಅವಳು ನನ್ನನ್ನು ಹಿಂದಕ್ಕೆ ತಿರುಗಿಸಿದಳು, ಮೇಲೆತ್ತಿ ಕಟ್ಟಿದಳು, ಕೊನೆಗೆ ಬಿಚ್ಚಿ ಕೈಯಲ್ಲೇ ಹಿಡಿದು ಓಡಿದಳು. ನನ್ನೊಳಗೆ ಖರ್ಜೂರವಿತ್ತು, ಉಪ್ಪಿರಲಿಲ್ಲ. ಮೂವತ್ತೊಂದನೆಯ ಕಿಲೋಮೀಟರಿಗೆ ಅವಳ ಎರಡೂ ಮೀನಖಂಡ ಕಲ್ಲಾಗಿ ರಸ್ತೆಯ ಅಂಚಿನಲ್ಲಿ ಕೂತುಬಿಟ್ಟಳು. ಹಿಂದುಳಿದವರನ್ನು ಹತ್ತಿಸಿಕೊಂಡು ಬರುವ ಬಸ್ಸು ಬಂತು. ಅದರಲ್ಲಿ ಹದಿನಾಲ್ಕು ಜನರಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾನು ಅವಳ ಮಡಿಲಲ್ಲಿದ್ದೆ. ಅವಳ ಕಣ್ಣೀರಿನ ಎರಡು ಹನಿ ನನ್ನ ಜಿಪ್ಪಿನ ಮೇಲೆ ಬಿದ್ದವು.

ಇದಕ್ಕಿಂತ ಕಷ್ಟದ್ದು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಕಾದಿತ್ತು. ಖಾನಾವಳಿಗೆ ಬರುವ ಗಿರಾಕಿಗಳು ಇಪ್ಪತ್ತು ಜನ ಹೂವಿನ ಹಾರ ಹಿಡಿದು ನಿಂತಿದ್ದರು.

"ಅಕ್ಕಾರ, ಮುಗಸಿದ್ರಿಲ್ಲೋ?"

ನೀಲವ್ವ ಬಾಯಿ ತೆರೆದಳು. ಅಷ್ಟರಲ್ಲಿ ಹಾರ ಕೊರಳಿಗೆ ಬಿದ್ದಿತ್ತು.

"ಹ್ಞೂಂ... ಆತು" ಎಂದಳು.

ಮೆಡಲ್ ಕೇಳಿದವರಿಗೆ ಟ್ರಂಕಿನಲ್ಲಿದೆ ಎಂದಳು. ಹಾರ ಹಾಕಿಕೊಂಡ ಫೋಟೋ ನಾಲ್ಕೇ ದಿನದಲ್ಲಿ ಖಾನಾವಳಿಯ ಗೋಡೆ ಏರಿತು. ಅದರ ಕೆಳಗೆ ನಿಂತು ಬಡಿಸುವಾಗ ಅವಳು ಒಮ್ಮೆಯೂ ಕತ್ತೆತ್ತುತ್ತಿರಲಿಲ್ಲ.

ಗುರುಶಾಂತಪ್ಪನವರಿಗೆ ಯಾರೂ ಹೇಳಲಿಲ್ಲ. ಆದರೆ ಮೂವತ್ತೆಂಟು ವರ್ಷ ಗಾಡಿಯ ಹಿಂದೆ ಕೂತು ಮುಂದಿನ ಎಂಜಿನ್ನಿನ ಸುಖದುಃಖ ಅಳೆದ ಮನುಷ್ಯ. ಅಂಗಳದಲ್ಲಿ ಒಣಹಾಕಿದ್ದ ನನ್ನನ್ನು ಕೈಗೆತ್ತಿಕೊಂಡು ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. ಕಂದು ಕಲೆ ಕಂಡಿತು.

"ಎಷ್ಟನೇ ಕಿಲೋಮೀಟರಿಗೆ ನಿಂತೀವಾ?"

ನೀಲವ್ವ "ಮೂವತ್ತೊಂದು" ಎಂದಳು.

"ಇದರ ಅಂಚು ನಾ ನೋಡಬೇಕಿತ್ತು" ಎಂದರು ಅವರು. ನನ್ನನ್ನು ತಮ್ಮ ಕೋಣೆಯ ಮೊಳೆಗೆ ತೂಗುಹಾಕಿದರು. ಅಲ್ಲಿ ಆರು ತಿಂಗಳು ತೂಗಿದೆ.

ನನ್ನನ್ನು ಮತ್ತೆ ಓಟಕ್ಕೆ ಇಳಿಸಿದ್ದು ಒಂದು ಪ್ರಶ್ನೆ. ಖಾನಾವಳಿಗೆ ದಿನಾ ಊಟಕ್ಕೆ ಬರುವವರಲ್ಲಿ ಸಾವಕ್ಕ ಎಂಬ ಪೊಲೀಸ್ ಕಾನ್‌ಸ್ಟೇಬಲ್ ಇದ್ದಳು. ಇಪ್ಪತ್ತಾರರ ಗಟ್ಟಿಮುಟ್ಟಾದ ಹುಡುಗಿ. ಒಂದು ಮಧ್ಯಾಹ್ನ ಪಂಕ್ತಿ ತುಂಬಿತ್ತು. ಆ ದಿನ ಗುರುಶಾಂತಪ್ಪ ನನ್ನನ್ನು ಮೊಳೆಯಿಂದ ತೆಗೆದು, ಡೈರಿ ಒಳಗಿಟ್ಟು, ಭುಜಕ್ಕೆ ಹಾಕಿಕೊಂಡು ಬಂದು ಮೂಲೆಯಲ್ಲಿ ಕೂತಿದ್ದರು. ಆದ್ದರಿಂದ ನಡೆದದ್ದನ್ನು ನಾನೇ ಕಂಡೆ.

"ಅಕ್ಕಾರ, ನಾನೂ ಓಡಬೇಕಂತ ಮಾಡೇನ್ರಿ" ಎಂದಳು ಸಾವಕ್ಕ. "ಒಂದು ಹೇಳ್ರಿ. ಕೊನೀ ಹತ್ತು ಕಿಲೋಮೀಟರ್ ಹೆಂಗ ಇರ್ತೈತ್ರಿ?"

ನೀಲವ್ವನ ಕೈಯಲ್ಲಿ ಬದನೆಕಾಯಿ ಪಲ್ಯದ ಪಾತ್ರೆ ಇತ್ತು. ಸೌಟು ಅಲ್ಲೇ ನಿಂತಿತು.

"ನನಗ ಗೊತ್ತಿಲ್ಲವಾ."

"ಅಂದ್ರ?"

"ನಾ ಅಲ್ಲೀತನಕ ಹೋಗೇ ಇಲ್ಲ. ಮೂವತ್ತೊಂದಕ್ಕ ಕುಂತೆ. ಬಸ್ಸಿನ್ಯಾಗ ಬಂದೆ. ನಿಮ್ಮೆಲ್ಲಾರ ಮುಂದ ಸುಳ್ಳು ಹೇಳೇನಿ."

ರೊಟ್ಟಿ ಮುರಿಯುವ ಸದ್ದೂ ನಿಂತಿತು. ನೀಲವ್ವ ಪಾತ್ರೆ ಕೆಳಗಿಟ್ಟು, ಸ್ಟೂಲು ಎಳೆದು, ಹತ್ತಿ, ಗೋಡೆಯ ಫೋಟೋ ಇಳಿಸಿದಳು. ಹತ್ತು ವರ್ಷದಿಂದ ಅಲ್ಲೇ ಉಣ್ಣುವ ಕೋರ್ಟಿನ ಗುಮಾಸ್ತರೊಬ್ಬರು ಕೆಮ್ಮಿದರು.

"ಮೂವತ್ತೊಂದು ಅಂದ್ರ ಇಲ್ಲಿಂದ ಧಾರವಾಡ ದಾಟಿ ಹೋದಂಗಾತಲ್ರಿ ಅಕ್ಕಾರ. ನಾ ಬಸ್ಸಿನ್ಯಾಗ ಹೋಗಾಕೂ ಬ್ಯಾಸರ ಮಾಡ್ತೀನಿ. ಪಲ್ಯಾ ಹಾಕ್ರಿ."

ಪಂಕ್ತಿ ನಕ್ಕಿತು. ನೀಲವ್ವ ಕಣ್ಣೊರೆಸಿಕೊಂಡು ಪಲ್ಯ ಹಾಕಿದಳು. ಗುರುಶಾಂತಪ್ಪ ಮಾತ್ರ ನಗಲಿಲ್ಲ. ನನ್ನೊಳಗಿನಿಂದ ಡೈರಿ ತೆಗೆದು ಹೊಸ ಹಾಳೆ ತಿರುವಿದರು. ಮೇಲ್ಗಡೆ ಬರೆದರು: ಮುಂಬೈ. ಕೆಳಗೆ ಎರಡು ಗೆರೆ ಎಳೆದರು.

ಅಲ್ಲಿಂದ ಮುಂದಿನ ಐದು ತಿಂಗಳು ಆ ಮನೆಯಲ್ಲಿ ಮದುವೆಯ ಸಡಗರ! ಗುರುಶಾಂತಪ್ಪ ಸೊಸೆಯ ಓಟಕ್ಕೆ ರೈಲ್ವೆ ಟೈಮ್‌ಟೇಬಲ್ ಬರೆಯತೊಡಗಿದರು. ಎಡಗಡೆ ಕಿಲೋಮೀಟರು, ನಡುವೆ ಮುಟ್ಟಬೇಕಾದ ವೇಳೆ, ಬಲಗಡೆ ಏನು ಕುಡಿಯಬೇಕು, ಏನು ತಿನ್ನಬೇಕು. ಓಟಕ್ಕೆ ಕೊಟ್ಟ ಅವಧಿ ಆರೂವರೆ ತಾಸು. ಐದು ಗಂಟೆ ಹತ್ತು ಮಿನಿಟಿಗೆ ಗೆರೆ ದಾಟಿದರೆ ಹನ್ನೊಂದು ನಲವತ್ತರೊಳಗೆ ಮುಗಿಸಬೇಕು. ಅವರು ಬರೆದದ್ದು ಹನ್ನೊಂದು ಗಂಟೆ ಎರಡು ಮಿನಿಟು.

"ಹತ್ತನೇ ಕಿಲೋಮೀಟರ್ ಆರು ಮೂವತ್ತೆರಡು" ಎಂದು ಓದಿದರು.

"ಭಾಳ ಸಾವಕಾಶ ಆತ್ರಿ ಮಾವಾರ. ಹೋದ ವರ್ಷ ಅದಕ್ಕಿಂತ ಇಪ್ಪತ್ತು ಮಿನಿಟ್ ಲಗೂ ಹೋಗಿದ್ದೆ."

"ಹೌದು. ಬಿಫೋರ್ ಟೈಮ್ ಬಂದ ಗಾಡೀನ ಏನ್ ಮಾಡ್ತಾರ ಗೊತ್ತೈತೇನು? ಊರ ಹೊರಗ ಸಿಗ್ನಲ್ಲಿಗೆ ನಿಲ್ಲಸ್ತಾರ. ನೀನೂ ಹಂಗ ನಿಂತಿ."

ನೀಲವ್ವ ಆ ಹಾಳೆಯನ್ನು ಮೊದಲಿನಿಂದ ಓದತೊಡಗಿದಳು.

ನನ್ನನ್ನು ಮತ್ತೆ ದಾದಾಪೀರನ ಅಂಗಡಿಗೆ ಒಯ್ದರು. ಕತೆ ಕೇಳಿ ದಾದಾಪೀರ ಕಿವಿ ಹಿಡಿದುಕೊಂಡ. ನನ್ನ ಹೊಲಿಗೆಯನ್ನೆಲ್ಲ ಬಿಚ್ಚಿ, ಅಂಚನ್ನು ಒಳಕ್ಕೆ ಮಡಚಿ, ಮೈಗೆ ತಾಗುವ ಕಡೆ ಮೆತ್ತನೆಯ ಅರಿವೆ ಕೊಟ್ಟ. ಒಳಗೊಂದು ಹಳೆಯ ರೇನ್‌ಕೋಟಿನ ಪದರ ಹಾಕಿದ. ಕಾಗದಕ್ಕೆ ಬೆವರು ತಾಗಬಾರದಲ್ಲ! ಪಟ್ಟಿಗೆ ಅಗಲವಾದ ಇಲಾಸ್ಟಿಕ್ ಬಂತು. ಬಲಖಾನೆ ಉಪ್ಪಿಗೆ, ಎಡಖಾನೆ ತಿನಿಸಿಗೆ ಎಂದು ಗೊತ್ತಾಯಿತು. ಈ ಬಾರಿ ಅವನು ಎರಡು ದಿನ ತೆಗೆದುಕೊಂಡ.

ಪ್ರತಿ ಐತವಾರ ದೊಡ್ಡ ಓಟ. ನಸುಕಿನಲ್ಲಿ ನೀಲವ್ವ ಕೇಶ್ವಾಪುರದಿಂದ ಧಾರವಾಡದ ಕಡೆ ಓಡುವಳು. ಗುರುಶಾಂತಪ್ಪ ಬಸ್ಸು ಹಿಡಿದು ಮುಂದೆ ಹೋಗಿ ಉಣಕಲ್ಲಿನಲ್ಲಿ, ನವನಗರದಲ್ಲಿ, ನವಲೂರಿನಲ್ಲಿ ನೀರಿನ ಬಾಟಲಿ ಹಿಡಿದು ಗಡಿಯಾರ ನೋಡುತ್ತ ನಿಲ್ಲುವರು. ಯಾವುದನ್ನೂ ಓಟದ ದಿನ ಮೊದಲ ಸಲ ಮಾಡಬಾರದು ಎಂಬುದೇ ಅವರ ಕಾಯಿದೆ. ಶೇಂಗಾ ಉಂಡಿ ತಿನ್ನಿಸಿ ನೋಡಿದರು. ಗಂಟಲು ಒಣಗಿತು, ಬಿಟ್ಟರು. ಚಿಕ್ಕಿ ಹಲ್ಲಿಗೆ ಮೆತ್ತಿತು, ಬಿಟ್ಟರು. ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ ಚೂರು, ಬೀಜ ತೆಗೆದ ಖರ್ಜೂರ ಪಾಸಾದವು. ಬೂಟು, ಸಾಕ್ಸು, ಒಳ ಅಂಗಿ, ನಾನು, ಎಲ್ಲರೂ ಮೂವತ್ತೆರಡು ಕಿಲೋಮೀಟರಿನ ಪರೀಕ್ಷೆ ಬರೆದೆವು. ಆ ದಿನ ಮನೆಗೆ ಬಂದು ನೀಲವ್ವ ಮೊದಲು ನೋಡಿಕೊಂಡದ್ದು ಸೊಂಟವನ್ನು. ಒಂದು ಗೆರೆಯೂ ಮೂಡಿರಲಿಲ್ಲ. ಕಳಚಿಡುವಾಗ ನನ್ನನ್ನು ಒಮ್ಮೆ ತಟ್ಟಿದಳು. ನನಗೆ ಅದೇ ಮೆಡಲ್ಲು.

ಈ ಸಲ ಮಾವ ಸೊಸೆ ಇಬ್ಬರೂ ಹೊರಟರು. ಖಾನಾವಳಿ ಶಿವಪುತ್ರನ ಕೈಗೆ ಬಂತು. ಅವನು ಬಡಿದ ರೊಟ್ಟಿ ಒಂದೊಂದು ಒಂದೊಂದು ದೇಶದ ನಕಾಶೆಯಂತಿದ್ದರೂ ಗಿರಾಕಿಗಳು ಒಪ್ಪಿಕೊಂಡಿದ್ದರು. ಮುಂಬೈಗೆ ಮೂರು ದಿನ ಮೊದಲೇ ಮುಟ್ಟಿದೆವು. ಉಳಿದದ್ದು ಓಟ ಶುರುವಾಗುವ ಜಾಗದಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಸಾದಾ ಲಾಡ್ಜಿನಲ್ಲಿ. ನಂಬರು ತಂದದ್ದು ಎರಡು ದಿನ ಮುಂಚೆ. ತಂದ ಕೂಡಲೇ ಗುರುಶಾಂತಪ್ಪ ಸೊಸೆಯನ್ನು ಕೋಣೆಗೆ ಕರೆತಂದು ಮಂಚದ ಮೇಲೆ ಕೂರಿಸಿದರು. "ಎಂಜಿನ್ ಶೆಡ್ಡಿನ್ಯಾಗ ಇರ್ಬೇಕು. ಊರು ನೋಡೂದು ಆಮ್ಯಾಲೆ." ಹಿಂದಿನ ದಿನ ಸಂಜೆ ಆರಕ್ಕೆ ಅನ್ನ, ತಿಳಿಸಾರು. ಬಟ್ಟೆ, ನಂಬರು, ಪಿನ್ನು, ಬೂಟು, ನಾನು, ಎಲ್ಲ ಕುರ್ಚಿಯ ಮೇಲೆ ತೊಡುವ ಕ್ರಮದಲ್ಲಿ ಸಾಲಾಗಿ ಕೂತೆವು.

ಟೈಮ್‌ಟೇಬಲ್ಲನ್ನು ಅವರು ಅಂಗೈಯಷ್ಟು ಕಾರ್ಡಿನ ಮೇಲೆ ಬರೆದು, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ನನ್ನೊಳಗಿಟ್ಟರು. ತಾವು ಎಲ್ಲೆಲ್ಲಿ ನಿಂತಿರುವರೆಂಬುದೂ ಅದರಲ್ಲಿತ್ತು. ಮರೀನ್ ಲೈನ್ಸಿನಲ್ಲಿ ಐದು ನಲವತ್ತಮೂರಕ್ಕೆ. ಅಲ್ಲಿಂದ ಲೋಕಲ್ ಹಿಡಿದು ಮಾಹಿಮಿಗೆ, ಇಪ್ಪತ್ತೈದನೆಯ ಕಿಲೋಮೀಟರಿನ ಹತ್ತಿರ, ಎಂಟು ಮೂವತ್ತೈದಕ್ಕೆ. ತಿರುಗಿ ಚರ್ನಿ ರೋಡಿಗೆ, ಮೂವತ್ತೆಂಟರ ಹತ್ತಿರ, ಹತ್ತು ಇಪ್ಪತ್ತಾರಕ್ಕೆ.

"ಎಲ್ಲೆರೆ ನಾ ಕಾಣಲಿಲ್ಲಂದ್ರ ನಿಲ್ಲಬ್ಯಾಡ. ಮುಂದ ಹೋಗು."

"ಗಾರ್ಡ್ ಇಲ್ದ ಗಾಡಿ ಬಿಡ್ತಾರೇನ್ರಿ ಮಾವಾರ?"

"ಬೋಗಿ ಇಲ್ದ ಒಂಟಿ ಎಂಜಿನ್ ಬಿಡ್ತಾರ. ನೀ ಒಂಟಿ ಎಂಜಿನ್."

ಬೆಳಗಾಗುವ ಮುಂಚಿನ ಆ ರಸ್ತೆಯನ್ನು ನಾನು ಹೇಗೆ ಬಣ್ಣಿಸಲಿ! ಸಾವಿರ ಸಾವಿರ ಕಾಲು. ನನ್ನ ಎತ್ತರದಲ್ಲಿ ಬರೀ ಸೊಂಟಗಳು, ಚೀಲಗಳು, ಅಲ್ಲಾಡುವ ಬಾಟಲಿಗಳು. ಪಟಾಕಿಯಂತೆ ಸದ್ದಾಯಿತು. ಜನ ಹೋ ಎಂದರು. ನೀಲವ್ವನ ಹೊಟ್ಟೆ ನನ್ನ ಮೈಗೆ ಒತ್ತಿ ಸಡಿಲಾಯಿತು. ಗೆರೆ ದಾಟಿದೆವು. ಎಲ್ಲರೂ ನಮ್ಮನ್ನು ದಾಟಿ ಹೋದರು. ಮುದುಕರು ಹೋದರು, ಗಣಪತಿಯ ವೇಷ ಹಾಕಿದವನು ಹೋದ. ಇವಳ ಕಾಲು ತಾವಾಗಿ ಜೋರಾಗುವುವು. ಕೈ ನನ್ನ ಮೇಲೆ ಬರುವುದು, ಕಾರ್ಡಿದ್ದ ಜಾಗವನ್ನು ಮುಟ್ಟುವುದು, ಕಾಲು ಸಾವಕಾಶವಾಗುವುವು. ಮರೀನ್ ಲೈನ್ಸಿನಲ್ಲಿ ಗುರುಶಾಂತಪ್ಪ ಕಟಕಟೆಗೆ ಆತು ನಿಂತಿದ್ದರು.

"ಐದು ನಲವತ್ತಮೂರು! ರೈಟ್ ಟೈಮ್!" ಎಂದು ಕೂಗಿ ಹಸಿರು ಕರವಸ್ತ್ರ ಬೀಸಿದರು.

ಹತ್ತನೆಯ ಕಿಲೋಮೀಟರು ಆರು ಮೂವತ್ತೆರಡು. ಸಮುದ್ರದ ಮೇಲಿನ ಸೇತುವೆಗೆ ಬರುವಾಗ ಬೆಳಕು ಬಿಟ್ಟಿತ್ತು. ಎರಡೂ ಕಡೆ ನೀರು, ಮೇಲೆ ಬಿಳಿ ಹಗ್ಗಗಳಂಥ ಕಂಬಿಗಳು. ಐದು ಕಿಲೋಮೀಟರಿಗೊಮ್ಮೆ ಬಲಖಾನೆ ತೆರೆದು ಉಪ್ಪು, ಎಡಖಾನೆ ತೆರೆದು ತುತ್ತು, ಒಂದು ಮಿನಿಟು ನಡಿಗೆ. ಗಣಪತಿ ವೇಷದವನು ಸೊಂಡಿಲು ಕೈಯಲ್ಲಿ ಹಿಡಿದು ನಡೆಯುತ್ತಿದ್ದ. ಅವನನ್ನು ದಾಟಿದೆವು. ಅರ್ಧ ದಾರಿ ಎಂಟು ಗಂಟೆ ಮೂರು ಮಿನಿಟು. ನೀಲವ್ವ ಹಾಡು ಗುನುಗತೊಡಗಿದಳು.

ಎಂಟು ಮೂವತ್ತನಾಲ್ಕಕ್ಕೆ ಮಾಹಿಮ್. ಅಲ್ಲಿ ಗುರುಶಾಂತಪ್ಪ ಇರಲಿಲ್ಲ.

ಒಂದು ಮಿನಿಟು ನಿಂತಳು. ಎರಡು ಮಿನಿಟು. ಆಚೆ ಫುಟ್‌ಪಾತ್ ನೋಡಿದಳು, ನೀರು ಕೊಡುವ ಮೇಜಿನ ಹಿಂದೆ ನೋಡಿದಳು. ನನ್ನನ್ನು ತೆರೆದು ಫೋನು ತೆಗೆದು ಮಾವನವರಿಗೆ ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದಳು. ಮೂರನೆಯ ಸಲ. ಎಪ್ಪತ್ತೊಂದು ವರ್ಷದ ಮನುಷ್ಯ, ಬಿ.ಪಿ. ಬೇರೆ, ಬೆಳಿಗ್ಗೆ ಗುಳಿಗೆ ತೆಗೆದುಕೊಂಡರೋ ಇಲ್ಲವೋ! ಅವಳ ಎದೆಬಡಿತ ಓಡುವಾಗಿನದಕ್ಕಿಂತ ಜೋರಾಗಿತ್ತು. ನನಗೆ ಕೇಳುತ್ತಿತ್ತು.

ನೀರು ಕೊಡುತ್ತಿದ್ದ ಮರಾಠಿ ಹೆಂಗಸೊಬ್ಬಳು ಹತ್ತಿರ ಬಂದಳು. ನೀಲವ್ವ ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಹೇಳಿದಳು. ಆ ಹೆಂಗಸು ಫೋನ್ ನಂಬರು ಬರೆದುಕೊಂಡು, ತಾನು ಮೇಲಿಂದ ಮೇಲೆ ಹಚ್ಚುತ್ತೇನೆ, ಮುದುಕರು ಬಂದರೆ ಕೂರಿಸಿಕೊಳ್ಳುತ್ತೇನೆ, ನೀವು ಹೋಗಿ ಎಂದು ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ತಳ್ಳಿದಳು.

ನೀಲವ್ವ ಹೋಗಲಿಲ್ಲ. ಕಾರ್ಡು ತೆಗೆದಳು. ಮಾವನವರ ಅಕ್ಷರ, ಒಂದೊಂದೂ ಬಿಡಿಬಿಡಿಯಾಗಿ, ಬೋಗಿಗಳ ಹಾಗೆ. ಎಂಟು ನಲವತ್ತೆರಡು. ಎಂಟು ಮಿನಿಟು ಹೋಗಿತ್ತು.

"ಒಂಟಿ ಎಂಜಿನ್" ಎಂದಳು ತನಗೆ ತಾನೇ. ಕಾರ್ಡನ್ನು ಒಳಗಿಟ್ಟು, ಜಿಪ್ಪೆಳೆದು, ಓಡಿದಳು.

ಆಮೇಲಿನ ಹದಿಮೂರು ಕಿಲೋಮೀಟರು ಅವಳು ಹಾಡಲಿಲ್ಲ. ಪ್ರತಿ ಬಿಳಿ ಟೊಪ್ಪಿಗೆಯ ಕಡೆಗೂ ಕತ್ತು ತಿರುಗುತ್ತಿತ್ತು. ಮೂವತ್ತೊಂದನೆಯ ಕಿಲೋಮೀಟರಿನ ಫಲಕ ಬಂತು. ಹೋದ ವರ್ಷ ಕೂತ ಜಾಗ. ಅದನ್ನೂ ದಾಟಿದಳು. ಮೂವತ್ತಮೂರಕ್ಕೆ ಎಡ ಮೀನಖಂಡ ಸೆಟೆಯಿತು. ನಿಂತು, ಕಂಬ ಹಿಡಿದು, ಹಿಮ್ಮಡಿ ನೆಲಕ್ಕೊತ್ತಿದಳು. ಬಲಖಾನೆಯಿಂದ ಉಪ್ಪು, ಮೇಲೆ ನೀರು. ಆ ಉಪ್ಪು ಒಂದು ಹರಳೂ ಒದ್ದೆಯಾಗದೆ ಅವಳ ನಾಲಿಗೆ ಸೇರಿತು. ಹಳೆಯ ಪಾಪ ಅಷ್ಟರಮಟ್ಟಿಗೆ ತೊಳೆದುಹೋಯಿತು ಎಂದುಕೊಂಡೆ.

ಅಷ್ಟರಲ್ಲಿ ಪೆಡರ್ ರೋಡಿನ ಏರು. ಬಿಸಿಲು ನೆತ್ತಿಗೆ ಹತ್ತುತ್ತಿತ್ತು. ಎಷ್ಟೋ ಜನ ಅಲ್ಲಿ ನಿಂತು ಕೈ ಮೊಣಕಾಲಿಗೆ ಕೊಟ್ಟಿದ್ದರು. ಕಾರ್ಡಿನಲ್ಲಿ ಅಲ್ಲಿಗೆ ಒಂದೇ ಶಬ್ದ ಬರೆದಿತ್ತು: ಘಟ್ಟ. ಘಟ್ಟದಲ್ಲಿ ಗಾಡಿ ಓಡುವುದಿಲ್ಲ, ಹತ್ತುತ್ತದೆ ಎಂದು ಮಾವ ಹೇಳಿದ್ದರು. ಅವಳು ಹೆಜ್ಜೆ ಗಿಡ್ಡ ಮಾಡಿ, ಕೈ ಬೀಸಿ, ನಡೆದಳು. ನಿಲ್ಲಲಿಲ್ಲ. ಮಹಡಿಯ ಮೇಲಿನಿಂದ ಯಾರೋ ಡಬ್ಬ ಬಡಿಯುತ್ತಿದ್ದರು. ಒಬ್ಬ ಅಜ್ಜಿ ಕಿತ್ತಳೆಯ ತೊಳೆ ಚಾಚಿದಳು. ತುದಿ ಮುಟ್ಟಿದಾಗ ನೀಲವ್ವ "ಹತ್ತಿದೆ!" ಎಂದು ಗಟ್ಟಿಯಾಗಿ ಕೂಗಿದಳು. ಪಕ್ಕದಲ್ಲಿ ಓಡುತ್ತಿದ್ದ ಸರ್ದಾರ್ಜಿಗೆ ಏನು ತಿಳಿಯಿತೋ, ಅವನೂ ಕೂಗಿದ.

ಇಳಿಜಾರು ಮುಗಿಯಿತು. ಬಲಕ್ಕೆ ಸಮುದ್ರ ಕಂಡಿತು. ಚರ್ನಿ ರೋಡಿನ ತಿರುವು ಬಂತು. ಹತ್ತು ನಲವತ್ತೊಂದು. ಕಟಕಟೆಯ ಹಿಂದೆ ಜನರ ಗೋಡೆ. ಅದರ ನಡುವಿನಿಂದ ಒಂದು ಹಸಿರು ಕರವಸ್ತ್ರ ಮೇಲೆದ್ದಿತು.

"ನೀಲವ್ವಾ! ಹದಿನೈದು ಮಿನಿಟ್ ಲೇಟ್!"

ಅವಳು ಕಟಕಟೆಗೆ ಹೋಗಿ ಅವರ ಎರಡೂ ಕೈ ಹಿಡಿದಳು. "ಎಲ್ಲಿ ಹೋಗಿದ್ರಿ ಮಾವಾರ! ಜೀವಾನ ಹೋಗಿತ್ತು ನನಗ!"

"ಲೋಕಲ್ ಬಂದ್ ಇತ್ತವಾ. ಐತವಾರ ಲೈನ್ ರಿಪೇರಿ ಅಂತ. ನೋಟಿಸ್ ಹಚ್ಚಿದ್ರು. ಮಾಹಿಮ್ ಬಿಟ್ಟು ಇಲ್ಲಿಗೇ ನಡಕೊಂಡು ಬಂದೆ. ಮೂವತ್ತೆಂಟು ವರ್ಷ ರೈಲ್ವೆದಾಗ ದುಡದಾಂವ ನಾ, ಒಂದು ನೋಟಿಸ್ ಓದಲಿಲ್ಲ ನೋಡು!" ಅವರು ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. "ಈ ಗದ್ದಲದಾಗ ಫೋನೂ ಕೇಳಲಿಲ್ಲ. ಈಗ ಒಬ್ಬಾಕಿ ಮರಾಠಿ ಹೆಣಮಗಳು ಮಾಡಿ ಬೈದಳು. ಹೋಗು, ನಿಲ್ಲಬ್ಯಾಡ! ಲೇಟ್ ಆಗಿದ್ದನ್ನ ಈಗ ತುಂಬಿಸಾಕ ಹೋಗಬ್ಯಾಡ. ಹಿಂಗ ಹೋಗು, ಹಿಂಗ!"

ಕಟಕಟೆಯ ಆಚೆ ಅವರೂ ನಾಲ್ಕು ಹೆಜ್ಜೆ ಓಡಿದರು. ಜನ ದಾರಿ ಬಿಟ್ಟರು. ಐವತ್ತು ಹೆಜ್ಜೆ ಓಡಿದರು. ಆಮೇಲೆ ಕಾಣಲಿಲ್ಲ.

ಕೊನೆಯ ನಾಲ್ಕು ಕಿಲೋಮೀಟರು ನೀಲವ್ವ ಓಡಿದಳೋ, ಯಾರೋ ಎತ್ತಿಕೊಂಡು ಹೋದರೋ ನನಗೆ ಹೇಳಲಾಗದು. ನಗುವಳು, ಬಿಕ್ಕುವಳು, ಮತ್ತೆ ನಗುವಳು. ಹೊಟ್ಟೆಯ ಆ ಕುಲುಕಾಟಕ್ಕೆ ನಾನು ಮೇಲೆ ಕೆಳಗೆ ಹಾರುತ್ತಿದ್ದೆ. ಹನ್ನೊಂದು ಗಂಟೆ ಹತ್ತೊಂಬತ್ತು ಮಿನಿಟಿಗೆ ಗೆರೆ ದಾಟಿದಳು. ಒಂದು ಹುಡುಗಿ ಕೊರಳಿಗೆ ಮೆಡಲ್ ಹಾಕಿದಾಗ ನೀಲವ್ವ ಅದನ್ನು ತಿರುಗಿಸಿ, ಮುರುಗಿಸಿ, ಹಲ್ಲಿನಿಂದ ಕಚ್ಚಿಯೂ ನೋಡಿದಳು. ಆಮೇಲೆ ರಸ್ತೆಯ ಮೇಲೆ ಕಾಲು ಚಾಚಿ ಕೂತು, ಎಡಖಾನೆಯಲ್ಲಿ ಉಳಿದಿದ್ದ ಒಂದೇ ಖರ್ಜೂರವನ್ನು ನಿಧಾನವಾಗಿ ತಿಂದಳು. ಅಷ್ಟು ನಿಶ್ಚಿಂತೆಯಾಗಿ ಅವಳು ಕೂತದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಮರುವಾರ ಗುರುಶಾಂತಪ್ಪ ಡೈರಿಯಲ್ಲಿ ಆ ಓಟದ ಹಾಳೆ ತೆಗೆದು, ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿಸಿದರು: ನೋಟಿಸು ಓದತಕ್ಕದ್ದು.

ಆಮೇಲೆ ನೀಲವ್ವನ ಜೊತೆ ಇನ್ನೂ ಎರಡು ದೊಡ್ಡ ಓಟ ಕಂಡೆ. ಮೂರನೆಯ ವರ್ಷ ಅವಳ ಮೊಣಕಾಲು ದೂರದ ಓಟ ಒಲ್ಲೆನೆಂದಿತು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಒಗೆದು, ಒಣಗಿಸಿ, ನನ್ನನ್ನು ಸಾವಕ್ಕನ ಕೈಗಿತ್ತಳು. "ಮೊದಲು ಮೂರು ತಿಂಗಳು ಕಟಗೊಂಡು ತಿರುಗು. ಆಮ್ಯಾಲೆ ಓಡು" ಎಂದಳು. ಸಾವಕ್ಕನ ಸೊಂಟದ ಮೇಲೆ ಬೆಂಗಳೂರು ನೋಡಿದೆ, ಹೈದರಾಬಾದ್ ನೋಡಿದೆ. ಆಕೆ ಗಾಳಿ. ಆಕೆಯ ಜೊತೆ ನಾನು ಉಪ್ಪು ಹೊರುವುದಕ್ಕಿಂತ ಹೆಚ್ಚಾಗಿ ಉಸಿರು ಬಿಗಿಹಿಡಿದೇ ಇದ್ದೆ. ಆಕೆಗೆ ಬಳ್ಳಾರಿಗೆ ವರ್ಗವಾದಾಗ ನನ್ನ ಜಿಪ್ಪು ಕೆಟ್ಟಿತ್ತು, ಇಲಾಸ್ಟಿಕ್ ಜೋತುಬಿದ್ದಿತ್ತು. ಹೋಗುವ ಮುನ್ನ ಉಣಕಲ್ ಕೆರೆಯಲ್ಲಿ ಓಡುವ ಹೆಂಗಸರ ಗುಂಪಿಗೆ ನನ್ನನ್ನು ಬಿಟ್ಟುಹೋದಳು.

ಈಗ ನಾನಿರುವುದು ಆ ಗುಂಪಿನವರು ಬಟ್ಟೆ, ಬೂಟು ಇಡುವ ಸಣ್ಣ ಕೋಣೆಯಲ್ಲಿ, ಕಿಟಕಿಯ ಪಕ್ಕ. ನನ್ನೊಳಗೆ ಈಗ ತುಂಬಿರುವುದು ಸೇಫ್ಟಿ ಪಿನ್ನು. ಓಟದ ದಿನ ನಸುಕಿನಲ್ಲಿ ಒಬ್ಬೊಬ್ಬರೇ ಬಂದು ನಾಲ್ಕು ನಾಲ್ಕು ಪಿನ್ನು ತೆಗೆದುಕೊಳ್ಳುತ್ತಾರೆ, ಎದೆಯ ಮೇಲೆ ನಂಬರು ಚುಚ್ಚಿಕೊಳ್ಳಲು. ಜಿಪ್ಪು ಮುಚ್ಚುವುದಿಲ್ಲವಾದ್ದರಿಂದ ಯಾರ ಕೈಗೂ ನಾನು ತಡೆಯಲ್ಲ. ಕೆಲವು ಕೈ ಹಿಟ್ಟಿನ ವಾಸನೆ, ಕೆಲವು ಸೀಮೆಸುಣ್ಣದ ವಾಸನೆ, ಕೆಲವು ಡೆಟಾಲ್ ವಾಸನೆ. ಸೊಂಟದ ಮೇಲೆ ಇದ್ದಷ್ಟು ವರ್ಷ ನಾನು ಮುಂದಿನ ರಸ್ತೆಯನ್ನು ಎಂದೂ ಸರಿಯಾಗಿ ನೋಡಲಿಲ್ಲ. ಹೊತ್ತವರ ಉಸಿರೇ ನನಗೆ ರಸ್ತೆ. ಮನುಷ್ಯರು ಹೆದರಿದಾಗ ಹೊಟ್ಟೆ ಹೇಗೆ ಒಳಸರಿಯುತ್ತದೆ, ಹೆದರಿಕೆಯಲ್ಲೇ ಮುಂದಿನ ಹೆಜ್ಜೆ ಇಟ್ಟಾಗ ಅದು ಹೇಗೆ ಸಡಿಲಾಗುತ್ತದೆ ಎಂಬುದನ್ನು ನನ್ನಷ್ಟು ಹತ್ತಿರದಿಂದ ಬಲ್ಲವರು ಕಡಿಮೆ.

ಇವತ್ತೂ ಓಟವಿತ್ತು. ಬರೀ ಐದು ಕಿಲೋಮೀಟರಿನದು. ಎಲ್ಲರೂ ಹೊರಗೆ ಹೋದ ಮೇಲೆ ಒಬ್ಬ ಹೆಂಗಸು ಬಂದಳು. ಅರವತ್ತರ ಹತ್ತಿರ. ಹೊಸ ಬೂಟು ಕಟ್ಟಿದ್ದಳು, ಸೀರೆಯನ್ನು ಎತ್ತಿ ಸಿಕ್ಕಿಸಿದ್ದಳು. ನನ್ನೊಳಗೆ ಕೈ ಹಾಕಿದಳು. ಒಂದು ಪಿನ್ನು ಕೆಳಗೆ ಬಿತ್ತು, ಬಗ್ಗಿ ಎತ್ತಿಕೊಂಡಳು. ಹೊರಗಿನಿಂದ ಯಾರೋ ಕೂಗಿದರು:

"ಶ್ಯಾಮವ್ವಾರ, ಲಗೂ ಬರ್ರಿ! ನಿಂತಾರ ಎಲ್ಲಾರೂ!"

"ಬಂದೆ, ಬಂದೆ! ನನ್ನ ಬಿಟ್ಟು ಹೋಗಬ್ಯಾಡ್ರಿ ಮತ್ತ!"

ಕನ್ನಡಿಯಿರಲಿಲ್ಲ. ಕಿಟಕಿಯ ಗಾಜಿನಲ್ಲಿ ನೋಡಿಕೊಂಡು ನಂಬರನ್ನು ಚುಚ್ಚಿಕೊಂಡಳು, ಸ್ವಲ್ಪ ಸೊಟ್ಟಗೆ. ಅಂಗೈಯಿಂದ ಒಮ್ಮೆ ಸವರಿದಳು. ಹೊಸಲು ದಾಟಿ ಹೋದಳು. ಆಮೇಲೆ ಬಹಳ ಹೊತ್ತು ಕೆರೆಯ ದಾರಿಯಿಂದ ಕಾಲುಗಳ ಸದ್ದು ಕೇಳುತ್ತಲೇ ಇತ್ತು.